ಬೆಳ್ಳಿ ಅಂದುಕೊಂಡು ತಂದ ಪಟ್ಟಣದ ಪದಕ

ಬೆಳ್ಳಿ ಸಾಮಾನನ್ನು ವಿಭೂತಿ ಹಚ್ಚಿ ಉಜ್ಜಿದರೆ ಹೊಳೆಯುತ್ತದೆ. ನಮ್ಮ ಮನೆಯಲ್ಲಿ ದೀಪ, ಪಂಚಪಾತ್ರೆ, ಕುಂಕುಮದ ಬಟ್ಟಲು ಎಲ್ಲಕ್ಕೂ ಅದೇ ಮದ್ದು. ಹಾಗಂತ ಇನ್ನೂರು ವರ್ಷ ಹಳೆಯ ಶ್ರೀರಂಗಪಟ್ಟಣದ ಪದಕಕ್ಕೆ ವಿಭೂತಿ ಹಚ್ಚಬಾರದು. ಇದು ನನಗೆ ಹಚ್ಚಿದ ಮೇಲೆ ಗೊತ್ತಾಯಿತು. ನಾಲ್ಕು ಸಲ ಬೆರಳಾಡಿಸಿದ್ದೆ, ಅಷ್ಟೆ. ಪದಕದಲ್ಲಿದ್ದ ಸಿಂಹದ ತೊಡೆಯ ಮೇಲೆ ಮೆಣಸಿನ ಕಾಳಿನಷ್ಟು ಜಾಗದಲ್ಲಿ ಬೆಳ್ಳಿ ಎದ್ದುಹೋಯಿತು. ಕೆಳಗಿನಿಂದ ಬೂದು ಬಣ್ಣ ಇಣುಕಿತು.

ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ಬಗ್ಗಿ ನೋಡಿದರು. ‘ಇದೇನೋ, ಕಲಾಯಿ ಪಾತ್ರೆ ಇದ್ದಂಗಿದೆ’ ಅಂದರು. ನನಗೆ ಸಿಟ್ಟು ಬಂತು. ಹದಿನಾಲ್ಕು ಸಾವಿರ ಕೊಟ್ಟು ತಂದಿದ್ದೆ.

ನನಗೆ ನಾಣ್ಯದ ಹುಚ್ಚು ಶಾಲೆಯ ದಿನಗಳಿಂದಲೂ ಇದೆ. ಮೊದಮೊದಲು ಸಿಕ್ಕಿದ್ದೆಲ್ಲ ಕೂಡಿಡುತ್ತಿದ್ದೆ. ಈಗ ಏಳೆಂಟು ವರ್ಷದಿಂದ ಒಂದೇ ವಿಷಯ ಹಿಡಿದಿದ್ದೇನೆ. ಮುತ್ತಿಗೆ. ಕೋಟೆಗೆ ಮುತ್ತಿಗೆ ಬಿದ್ದಾಗ, ಇಲ್ಲವೇ ಆ ಮುತ್ತಿಗೆಯ ನೆನಪಿಗೆ ಆಮೇಲೆ ಹೊಡೆಸಿದ ನಾಣ್ಯ, ಪದಕಗಳು. ಇದರಲ್ಲಿ ಎರಡು ಜಾತಿ. ಒಂದು, ಒಳಗೆ ಸಿಕ್ಕಿಹಾಕಿಕೊಂಡವರು ಮಾಡಿದ್ದು. ಇನ್ನೊಂದು, ಹೊರಗಿನಿಂದ ಬಂದು ಗೆದ್ದವರು ಮಾಡಿಸಿದ್ದು.

ಒಳಗಿನವರ ನಾಣ್ಯ ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. ಇಂಗ್ಲೆಂಡಿನ ನ್ಯೂಆರ್ಕ್ ಊರಿಗೆ 1645–46ರಲ್ಲಿ ಮುತ್ತಿಗೆ ಬಿತ್ತು. ಒಳಗಿದ್ದ ರಾಜನ ಕಡೆಯವರಿಗೆ ಸೈನಿಕರ ಸಂಬಳಕ್ಕೆ ಕಾಸಿಲ್ಲ. ಬೆಳ್ಳಿ ತಟ್ಟೆ, ಲೋಟಗಳನ್ನು ತಂದು ಕತ್ತರಿಸಿ ನಾಣ್ಯ ಮಾಡಿದರು. ದುಂಡಗೆ ಮಾಡುವಷ್ಟು ಪುರುಸೊತ್ತೂ ಇಲ್ಲ. ಥೇಟ್ ಕೊಬ್ಬರಿ ಮಿಠಾಯಿಯ ಆಕಾರ. ಒಂದು ಕಡೆ ಕಿರೀಟ ಮತ್ತು ಬೆಲೆ, ಇನ್ನೊಂದು ಕಡೆ ಊರ ಹೆಸರು ಮತ್ತು ವರ್ಷ. ಕೆಲವು ನಾಣ್ಯಗಳ ಮೇಲೆ ಹಳೆಯ ತಟ್ಟೆಗಿದ್ದ ಚಿನ್ನದ ಲೇಪ ಇನ್ನೂ ಕಾಣುತ್ತದೆ. ನನ್ನ ಹತ್ತಿರ ಇರುವುದು ಅದರ ನಕಲು. ನಕಲು ಅಂತಲೇ ಹೇಳಿ ಮಾರಿದರು, ನಕಲು ಅಂತಲೇ ಕೊಂಡೆ. ಅದರಲ್ಲಿ ಬೇಜಾರಿಲ್ಲ.

ಗೆದ್ದವರ ಪದಕಕ್ಕೆ ಇಂಥ ಅವಸರ ಇರುವುದಿಲ್ಲ. ಕಲಾವಿದನನ್ನು ಹಿಡಿದು, ಚಿತ್ರ ಬರೆಸಿ, ಅಚ್ಚು ಕೊರೆಸಿ, ನಿಧಾನಕ್ಕೆ ಹೊಡೆಸುತ್ತಾರೆ. ನಮ್ಮ ಶ್ರೀರಂಗಪಟ್ಟಣದ ಪದಕ ಈ ಜಾತಿಯದು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಈಸ್ಟ್ ಇಂಡಿಯಾ ಕಂಪನಿ ಪದಕ ಹೊಡೆಸಲು ತೀರ್ಮಾನಿಸಿತು. ಕೆಲಸ ಸಿಕ್ಕಿದ್ದು ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಟಂಕಸಾಲೆಗೆ. ಅದು ಮ್ಯಾಥ್ಯೂ ಬೌಲ್ಟನ್‌ನದು. ಉಗಿಯಂತ್ರದಲ್ಲಿ ನಾಣ್ಯ ಹೊಡೆಯುತ್ತಿದ್ದ ಜಾಗ. ಅಚ್ಚು ಕೊರೆದವನು ಕುಶ್ಲರ್ ಎಂಬ ಜರ್ಮನ್ ಕಲಾವಿದ. ಪದಕಗಳು ನಮ್ಮ ದೇಶ ತಲುಪುವ ಹೊತ್ತಿಗೆ 1808 ಆಗಿತ್ತು. ಒಂಬತ್ತು ವರ್ಷ! ಗೋಡೆ ಹತ್ತಿದವರಲ್ಲಿ ಎಷ್ಟು ಜನ ಅಷ್ಟರಲ್ಲಿ ತೀರಿಕೊಂಡಿದ್ದರೋ.

ಒಂದು ಮುಖದಲ್ಲಿ ಸಿಂಹ ಹುಲಿಯನ್ನು ಕೆಡವಿ ಮೇಲೇರಿ ನಿಂತಿದೆ. ಸಿಂಹ ಯಾರು, ಹುಲಿ ಯಾರು ಅಂತ ಹೇಳಬೇಕಿಲ್ಲ ಅಲ್ವಾ. ಹಿಂದೆ ಬಾವುಟ. ಅದರ ಮೇಲೆ ಅರಬಿ ಲಿಪಿಯಲ್ಲಿ ‘ಅಸದುಲ್ಲಾಹಿಲ್ ಗಾಲಿಬ್’, ಅಂದರೆ ಗೆಲ್ಲುವವನು ದೇವರ ಸಿಂಹ. ಟಿಪ್ಪುವಿನ ವಸ್ತುಗಳ ಮೇಲೂ ಹುಲಿಯ ಜತೆ ಇಂಥದೇ ಮಾತು ಇರುತ್ತಿತ್ತು. ಅವನ ಮಾತನ್ನೇ ಕಿತ್ತುಕೊಂಡು ಅವನ ಹುಲಿಯ ನೆತ್ತಿಯ ಮೇಲೆ ಹಾರಿಸಿದ್ದಾರೆ. ಕೆಳಗೆ ರೋಮನ್ ಅಂಕಿಯಲ್ಲಿ ತಾರೀಕು. ಇನ್ನೊಂದು ಮುಖದಲ್ಲಿ ಕೋಟೆಯ ಒಡೆದ ಗೋಡೆಗೆ ಸೈನಿಕರು ನುಗ್ಗುವ ಚಿತ್ರ. ಮೇಲೆ ನಡುಮಧ್ಯಾಹ್ನದ ಸೂರ್ಯ. ಕೆಳಗೆ ಪಾರಸಿಯಲ್ಲಿ ಬರಹ, ಹಿಜರಿ 1213.

ಇದೇ ಪದಕ ಐದು ಲೋಹದಲ್ಲಿ ಆಯಿತು. ಅತಿ ದೊಡ್ಡವರಿಗೆ ಚಿನ್ನ. ಅವರ ಕೆಳಗಿನವರಿಗೆ ಚಿನ್ನದ ನೀರು ಹಾಯಿಸಿದ ಬೆಳ್ಳಿ. ಕ್ಯಾಪ್ಟನ್ ಮತ್ತು ಕಿರಿಯ ಅಧಿಕಾರಿಗಳಿಗೆ ಬೆಳ್ಳಿ. ಹವಾಲ್ದಾರರ ಮಟ್ಟದವರಿಗೆ ಕಂಚು. ಸಾಮಾನ್ಯ ಸಿಪಾಯಿಗೆ ತವರ. ಚಿತ್ರ ಒಂದೇ, ಸಿಂಹ ಒಂದೇ, ಲೋಹ ಮಾತ್ರ ಅವರವರ ಯೋಗ್ಯತೆಗೆ.

ನನಗೆ ಬೇಕಿದ್ದದ್ದು ಬೆಳ್ಳಿಯದು. ಹರಾಜಿನಲ್ಲಿ ಬರುತ್ತದೆ. ಆದರೆ ಆ ಬೆಲೆಗೆ ನನ್ನ ಕೈ ಏರುವುದಿಲ್ಲ. ಹೀಗಿರುವಾಗ ಹಳೆ ಸಾಮಾನಿನ ವ್ಯಾಪಾರಿಯೊಬ್ಬರು ಒಂದು ಫೋಟೋ ಕಳಿಸಿದರು. ‘ಬೆಳ್ಳಿ ಸಾರ್, ಮೇಲೆ ಒಂದು ತೂತು ಇದೆ, ಅದಕ್ಕೇ ಕಮ್ಮಿ’ ಅಂದರು. ತೂತು ಇರುವುದು ಸಹಜ. ಪದಕ ಹಂಚಿದಾಗ ಅದಕ್ಕೆ ಕೊಂಡಿ ಇರಲಿಲ್ಲ. ಹಾಕಿಕೊಳ್ಳುವವರೇ ಮಾಡಿಸಿಕೊಳ್ಳಬೇಕಿತ್ತು. ಕೆಲವರು ಬೆಳ್ಳಿಯ ಚೆಂದದ ಕೊಂಡಿ ಬೆಸೆಸಿಕೊಂಡರು, ಕೆಲವರು ಸುಮ್ನೆ ತೂತು ಕೊರೆದು ಉಂಗುರ ಹಾಕಿಕೊಂಡರು. ತೂತಿದ್ದರೆ ಬೆಲೆ ಇಳಿಯುತ್ತದೆ. ಆದರೆ ಇಷ್ಟೊಂದಾ ಅಂತ ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ.

ಬಿಲ್ಲು ಮಾತ್ರ ಪಟ್ಟು ಹಿಡಿದು ಬರೆಸಿಕೊಂಡೆ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ದೇಶದ ಹೊರಗೆ ಕಳಿಸುವ ಹಾಗಿಲ್ಲ. ಎಲ್ಲಿಂದ ಬಂತು ಅಂತ ತೋರಿಸಲು ಒಂದು ಕಾಗದ ಇರುವುದು ಒಳ್ಳೆಯದು. ಆ ಬಿಲ್ಲಿನಲ್ಲಿ ಅವರು ಬರೆದದ್ದು ‘ಹಳೆಯ ಪದಕ, ಒಂದು’ ಅಂತ. ಬೆಳ್ಳಿ ಅನ್ನುವ ಪದ ಇರಲಿಲ್ಲ. ಅದನ್ನೂ ನಾನು ಗಮನಿಸಿದ್ದು ಆಮೇಲೆ.

ತಂದ ಮಾರನೇ ದಿನ ಪರಿಚಯದ ಚಿನ್ನಬೆಳ್ಳಿ ಅಂಗಡಿಗೆ ಹೋದೆ. ಅವರ ಹತ್ತಿರ ಕ್ಯಾರೆಟ್ ಮೀಟರ್ ಇದೆ. ಒಡವೆಯನ್ನು ಡಬ್ಬಿಯೊಳಗೆ ಇಟ್ಟರೆ ಎಕ್ಸ್‌ರೇ ಬಿಟ್ಟು ಯಾವ ಲೋಹ ಎಷ್ಟು ಅಂತ ತೋರಿಸುತ್ತದೆ. ಬೆಳ್ಳಿ ಜಾಸ್ತಿ ಬಂತು. ಜತೆಗೆ ಒಂದಷ್ಟು ತವರವೂ ತೋರಿಸಿತು. ‘ತೂತಿನ ಹತ್ರ ಬೆಸುಗೆ ಹಾಕಿರಬೇಕು ಸಾರ್, ಅದಕ್ಕೇ ತವರ ಬರ್ತಿದೆ’ ಅಂದರು ಅಂಗಡಿಯವರು. ನನಗೆ ಬೇಕಿದ್ದ ಉತ್ತರವೂ ಅದೇ. ಒಪ್ಪಿಕೊಂಡು ಖುಷಿಯಾಗಿ ಮನೆಗೆ ಬಂದೆ. ಆ ಯಂತ್ರ ನೋಡುವುದು ಮೇಲಿನ ತೆಳು ಪದರವನ್ನು ಮಾತ್ರ. ಒಳಗೆ ಏನಿದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಬೇರೆಯವರ ನಾಣ್ಯ ಆಗಿದ್ದರೆ ನಾನೇ ಹೇಳುತ್ತಿದ್ದೆ.

ಆಮೇಲೆ ವಿಭೂತಿ ಪ್ರಸಂಗ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ನೀರಿನ ಪರೀಕ್ಷೆ ಮಾಡಲು ಕೂತೆ. ಇದು ಶಾಲೆಯಲ್ಲಿ ಎಲ್ಲರೂ ಓದಿರುವ ಆರ್ಕಿಮಿಡೀಸ್ ಕಥೆಯೇ. ಬೇಕಾಗುವುದು ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿ, ಒಂದು ಲೋಟ ನೀರು, ಹೊಲಿಗೆ ದಾರ. ಮೊದಲು ಪದಕವನ್ನು ಸುಮ್ನೆ ತೂಗಬೇಕು. 35.42 ಗ್ರಾಂ. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಬೇಕು. ಪದಕಕ್ಕೆ ದಾರ ಕಟ್ಟಿ ಮೇಲಿನಿಂದ ಇಳಿಬಿಟ್ಟು ಪೂರ್ತಿ ಮುಳುಗಿಸಬೇಕು. ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗಬಾರದು. ಆಗ ತಕ್ಕಡಿ ತೋರಿಸುವುದು ಪದಕ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ತೂತು ಇದ್ದದ್ದು ದಾರ ಕಟ್ಟಲು ಅನುಕೂಲವಾಯಿತು, ಅದೊಂದೇ ಸಮಾಧಾನ.

ಮೊದಲ ಸಲ 5.12 ಬಂತು. ಲೆಕ್ಕ ಹಾಕಿದರೆ 6.9. ಯಾವ ಲೋಹಕ್ಕೂ ಹೊಂದುತ್ತಿಲ್ಲ. ಕಣ್ಣಿಟ್ಟು ನೋಡಿದೆ. ಸಿಂಹದ ಕೇಸರದ ಸಂದಿನಲ್ಲಿ, ಸೈನಿಕರ ಕಾಲುಗಳ ನಡುವೆ ಸಣ್ಣ ಸಣ್ಣ ಗಾಳಿಗುಳ್ಳೆಗಳು. ಗುಳ್ಳೆಯೂ ಜಾಗ ಹಿಡಿಯುತ್ತದೆ, ಲೆಕ್ಕ ಕೆಡುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಟ್ಟು, ಪದಕವನ್ನು ಮೆಲ್ಲಗೆ ಅಲ್ಲಾಡಿಸಿ ಮತ್ತೆ ಇಳಿಬಿಟ್ಟೆ. 4.83. ಇನ್ನೆರಡು ಸಲ ಮಾಡಿದರೂ ಅದೇ. 35.42ನ್ನು 4.83ರಿಂದ ಭಾಗಿಸಿ. 7.33.

ಬೆಳ್ಳಿ ಸುಮಾರು 10.5. ತಾಮ್ರ ಬೆರೆತಿದ್ದರೂ ಹತ್ತಕ್ಕಿಂತ ತುಂಬಾ ಕೆಳಗೆ ಇಳಿಯುವುದಿಲ್ಲ. ಇಷ್ಟು ಗಾತ್ರದ ಪದಕ ಬೆಳ್ಳಿಯದಾಗಿದ್ದರೆ ಐವತ್ತು ಗ್ರಾಂ ಹತ್ತಿರ ತೂಗಬೇಕಿತ್ತು. ಕೈಯಲ್ಲಿ ಹಿಡಿದಾಗಲೇ ಹಗುರ ಅನಿಸಬೇಕಿತ್ತು. ಆಸೆ ಇದ್ದಾಗ ಹಗುರವೂ ಭಾರ ಅನಿಸುತ್ತದೆ.

7.3 ಯಾವುದು? ತವರ. ಅಮ್ಮ ಹೇಳಿದ ಕಲಾಯಿ. ಪಾತ್ರೆಯೊಳಗೆ ಕಲಾಯಿ ಹಾಕುವುದು ಇದೇ ಲೋಹದಿಂದ. ಅಮ್ಮನಿಗೆ ಹೇಳಲಿಲ್ಲ.

ಆದರೆ ಮನಸ್ಸಿನಲ್ಲಿ ಇನ್ನೊಂದು ಹುಳ ಹೊಕ್ಕಿತು. ಸಿಪಾಯಿಗಳಿಗೆ ಕೊಟ್ಟಿದ್ದು ತವರದ ಪದಕ ತಾನೇ? ಹಾಗಾದರೆ ಇದು ನಿಜವಾದ ಪದಕವೇ ಆಗಿದ್ದು, ಯಾರೋ ಬೆಳ್ಳಿ ಲೇಪ ಮಾಡಿಸಿದ್ದಾರಾ? ಇಲ್ಲಾ ಈಗಿನವರು ತವರದಲ್ಲಿ ಎರಕ ಹೊಯ್ದು ಬೆಳ್ಳಿ ಬಳಿದ ನಕಲಾ? ನಕಲು ಮಾಡುವವರಿಗೂ ತವರವೇ ಇಷ್ಟ. ಬೇಗ ಕರಗುತ್ತದೆ, 232 ಡಿಗ್ರಿ ಸಾಕು. ಈ ಪ್ರಶ್ನೆಗೆ ನೀರಿನ ಪರೀಕ್ಷೆ ಉತ್ತರ ಕೊಡುವುದಿಲ್ಲ. ಎರಡೂ 7.3 ಅನ್ನುತ್ತವೆ.

ತವರವನ್ನು ಬಗ್ಗಿಸಿದರೆ ಅದು ಕಿರ್ ಎಂದು ಕೂಗುತ್ತದೆ ಅನ್ನುವುದು ನಿಜ. ಆದರೆ ಪದಕ ಬಗ್ಗಿಸಿ ಕೂಗು ಕೇಳುವಷ್ಟು ಹುಚ್ಚು ನನಗೆ ಇನ್ನೂ ಹಿಡಿದಿರಲಿಲ್ಲ.

ವರ್ನಿಯರ್ ಕ್ಯಾಲಿಪರ್ ತಂದು ಅಳೆದೆ. ಸೋಹೋದಲ್ಲಿ ಹೊಡೆದದ್ದು 48 ಮಿಲಿಮೀಟರ್. ಆಮೇಲೆ ಕಲ್ಕತ್ತಾ ಟಂಕಸಾಲೆಯಲ್ಲಿ ಹೊಡೆದವು ಸ್ವಲ್ಪ ಚಿಕ್ಕವು, 45. ನನ್ನದು ಎಲ್ಲಿ ಹಿಡಿದರೂ 48ರ ಆಸುಪಾಸು. ಒಳ್ಳೆಯ ಲಕ್ಷಣ. ಅಸಲಿ ಪದಕದಿಂದ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗುತ್ತದೆ, ನಕಲು ಒಂದು ಕೂದಲೆಳೆಯಷ್ಟು ಸಣ್ಣದಾಗುತ್ತದೆ. ಆದರೆ ಒಂದು ಕೂದಲೆಳೆ ನಂಬಿ ನಿದ್ದೆ ಮಾಡಲಾದೀತೇ? ಅಂಚನ್ನು ಬೆರಳಿನಿಂದ ಸುತ್ತಲೂ ಸವರಿದೆ. ಎರಡು ಭಾಗ ಕೂಡಿಸಿದ ಗೆರೆ ಸಿಗಲಿಲ್ಲ. ಭೂತಗನ್ನಡಿ ಹಿಡಿದೆ. ಕುಶ್ಲರನ ಹೆಸರಿನ ಸಿ, ಎಚ್, ಕೆ ಎಂಬ ಪುಟ್ಟ ಅಕ್ಷರಗಳು ಕಂಡವು. ಅವನ್ನು ನೋಡುತ್ತಾ ನೋಡುತ್ತಾ ನನಗೆ ಎಲ್ಲವೂ ಅಸಲಿಯಾಗಿ ಕಾಣತೊಡಗಿತು. ಇನ್ನು ನನ್ನ ಕಣ್ಣನ್ನು ನಂಬಬಾರದು ಅನಿಸಿತು.

ನಾಣ್ಯ ಮೇಳಗಳಿಗೆ ತಪ್ಪದೆ ಬರುವ ಹಿರಿಯರೊಬ್ಬರಿದ್ದಾರೆ. ಐವತ್ತು ವರ್ಷದಿಂದ ಇದರಲ್ಲೇ ಇರುವವರು. ಮಾತು ಕಮ್ಮಿ. ಅವರ ಮನೆಗೆ ತೆಗೆದುಕೊಂಡು ಹೋದೆ. ಬೆಳ್ಳಿಯದು ಅಂತಲೂ ಹೇಳಲಿಲ್ಲ, ತವರ ಅಂತಲೂ ಹೇಳಲಿಲ್ಲ. ಅವರು ಕಿಟಕಿ ಪಕ್ಕ ಕೂತು ತಿರುಗಿಸಿ ತಿರುಗಿಸಿ ನೋಡಿದರು. ಸಿಂಹದ ತೊಡೆ ಕಂಡ ಕೂಡಲೇ ನನ್ನ ಕಡೆ ಕಣ್ಣೆತ್ತಿದರು.

‘ಏನಪ್ಪಾ ಉಜ್ಜಿದ್ದು?’

‘ವಿಭೂತಿ ಸರ್.’

‘ಒಳ್ಳೇದಾಯ್ತು ಬಿಡು’ ಅಂದರು. ಬೈದರೋ ಹರಸಿದರೋ ತಿಳಿಯಲಿಲ್ಲ.

ಅವರು ಚಿತ್ರವನ್ನು ಹೆಚ್ಚು ಹೊತ್ತು ನೋಡಲೇ ಇಲ್ಲ. ಖಾಲಿ ಜಾಗ ನೋಡಿದರು. ಚಿತ್ರವನ್ನು ಎಲ್ಲರೂ ನೋಡುತ್ತಾರೆ, ನಕಲು ಮಾಡುವವನೂ ಅದರ ಮೇಲೇ ಕಷ್ಟಪಡುತ್ತಾನೆ. ಎರಕ ಹೊಯ್ದದ್ದಾದರೆ ಖಾಲಿ ಮೈಯಲ್ಲಿ ಸೂಜಿಮೊನೆಯಂಥ ಗುಳಿಗಳು, ಮೊಸರಿನ ಮೇಲಿನಂಥ ಉಬ್ಬುತಗ್ಗು. ಅಚ್ಚಿನಿಂದ ಹೊಡೆದದ್ದಾದರೆ ಮೈ ನಯವಾಗಿರುತ್ತದೆ, ಚಿತ್ರ ಮೈಯಿಂದ ಏಳುವ ಕಡೆ ಚಾಕುವಿನಲ್ಲಿ ಕೊಯ್ದ ಹಾಗೆ ಸ್ಪಷ್ಟ ಅಂಚು ಇರುತ್ತದೆ. ಅವರು ಅದನ್ನು ನನಗೆ ತೋರಿಸಿದರು. ಲೇಪದ ಕೆಳಗೂ ಆ ಅಂಚು ಸತ್ತಿರಲಿಲ್ಲ.

‘ಬೆಳ್ಳಿ ಅಲ್ಲ. ಆದರೆ ನಕಲೂ ಅಲ್ಲ. ಸೋಹೋ ತವರ’ ಅಂದರು.

ಆಮೇಲೆ ಅವರು ನೋಡಿದ್ದು ತೂತನ್ನು. ಅದನ್ನು ನಾನು ದಾರ ಕಟ್ಟಲು ಬಿಟ್ಟರೆ ಬೇರೆ ಯಾತಕ್ಕೂ ನೋಡಿರಲಿಲ್ಲ. ತೂತು ದುಂಡಗಿಲ್ಲ. ಮೇಲ್ಗಡೆ ಎಳೆದು ಎಳೆದು ಮೊಟ್ಟೆಯ ಆಕಾರಕ್ಕೆ ಸವೆದಿದೆ. ಉಂಗುರ ಹಾಕಿ ತೂಗುಹಾಕಿದಾಗ ಭಾರವೆಲ್ಲ ಅಲ್ಲೇ ಬೀಳುತ್ತದೆ. ತವರ ಮೆತ್ತಗಿನ ಲೋಹ, ಬೇಗ ಸವೆಯುತ್ತದೆ. ಅಂದರೆ ಇದನ್ನು ಯಾರೋ ಬಹಳ ಕಾಲ ಹಾಕಿಕೊಂಡಿದ್ದರು. ಅವರು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು ‘ಸವೆದಿರೋ ಜಾಗದ ಒಳಗೆ ನೋಡು’ ಅಂದರು. ಅಲ್ಲೂ ಬೆಳ್ಳಿ. ಸವೆತದ ಮೇಲೂ ಲೇಪ ಕೂತಿದೆ. ಅಂದರೆ ಮೊದಲು ತವರವಾಗಿಯೇ ಹಾಕಿಕೊಂಡು ಸವೆಸಿದ್ದಾರೆ. ಬೆಳ್ಳಿ ಬಂದದ್ದು ಆಮೇಲೆ.

ಎಷ್ಟು ಆಮೇಲೆ? ವಿದ್ಯುತ್ತಿನಿಂದ ಬೆಳ್ಳಿ ಲೇಪ ಮಾಡುವ ಪದ್ಧತಿ ವ್ಯಾಪಾರವಾಗಿ ಬೆಳೆದದ್ದು 1840ರ ದಶಕದಲ್ಲಿ. ಪದಕ ಪಡೆದ ಸಿಪಾಯಿಗೆ 1799ರಲ್ಲಿ ಇಪ್ಪತ್ತು ವರ್ಷವಾಗಿದ್ದರೂ ಅಷ್ಟು ಹೊತ್ತಿಗೆ ಅರವತ್ತು ದಾಟಿರಬೇಕು. ಬದುಕಿದ್ದನೋ ಇಲ್ಲವೋ. ಮಗನೋ ಮೊಮ್ಮಗನೋ ಮಾಡಿಸಿರಬಹುದು. ಅಜ್ಜನದು ಅಧಿಕಾರಿಯ ಪದಕದ ಹಾಗೆ ಕಾಣಲಿ ಅಂತಲೋ. ಇಲ್ಲಾ ಯಾವನೋ ವ್ಯಾಪಾರಿ, ನನ್ನಂಥವನಿಗೆ ಮಾರಲು. ಹಿರಿಯರ ಮತ ಎರಡನೆಯದು. ‘ನಿನಗೆ ಕಥೆ ಬೇಕು, ಅದಕ್ಕೆ ಮೊಮ್ಮಗ ಬರ್ತಾನೆ’ ಅಂದರು. ನನಗೆ ಈಗಲೂ ಮೊಮ್ಮಗನ ಮೇಲೇ ಮನಸ್ಸು.

ಬಂದ ದಾರಿಯಲ್ಲೇ ತಲೆಗೆ ಇನ್ನೊಂದು ಹೊಳೆಯಿತು. ಈ ಪದಕ ಎಲ್ಲಿಂದ ಬಂತೆಂದು ಕೇಳುತ್ತಿದ್ದೇನೆ, ಅದರಲ್ಲಿರುವ ಜಾಗವನ್ನು ಅದರ ಜತೆ ಹೋಗಿ ನೋಡಿಲ್ಲ. ಪಟ್ಟಣಕ್ಕೆ ನೂರು ಸಲ ಹೋಗಿದ್ದೇನೆ. ರಂಗನಾಥನ ಗುಡಿ, ದರಿಯಾ ದೌಲತ್, ಸಂಗಮ, ಮಧ್ಯಾಹ್ನ ಊಟ, ವಾಪಸ್. ಕೋಟೆ ಒಡೆದ ಜಾಗಕ್ಕೆ ಹೋದದ್ದು ಚಿಕ್ಕಂದಿನಲ್ಲಿ ಒಮ್ಮೆ.

ಮೇ ತಿಂಗಳ ಒಂದು ಭಾನುವಾರ ಹೋದೆ, ಬೇಕೆಂದೇ ಉರಿಬಿಸಿಲಲ್ಲಿ. ದಾಳಿ ನಡೆದದ್ದು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ. ಹಿಂದಿನ ದಿನವೇ ತೋಪಿನ ಹೊಡೆತಕ್ಕೆ ಗೋಡೆ ಸಾಕಷ್ಟು ಕುಸಿದಿತ್ತು. ಮಳೆಗಾಲ ಬಂದು ಕಾವೇರಿ ತುಂಬಿದರೆ ದಾಟಲಾಗುವುದಿಲ್ಲ ಅಂತ ಹೊರಗಿನವರಿಗೆ ಅವಸರ. ತುಂಬಲಿ ಅಂತ ಒಳಗಿನವರು ಕಾಯುತ್ತಿದ್ದರು. ಸುಮಾರು 4,000 ಜನ ಕಲ್ಲುಬಂಡೆಗಳ ನಡುವೆ ನದಿ ದಾಟಿ ನುಗ್ಗಿದರು. ಅವರಲ್ಲಿ ಕಂಪನಿಯ ಸಿಪಾಯಿಗಳೂ, ನಿಜಾಮನ ಕಡೆಯವರೂ ಇದ್ದರು. ಮುಂದೆ ನಿಂತು ನಡೆಸಿದವನು ಡೇವಿಡ್ ಬೇರ್ಡ್. ಇದೇ ಊರಲ್ಲಿ 1784ರವರೆಗೆ ಮೂರು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದವನು.

ಗೋಡೆ ಒಡೆದ ಕಡೆ ಈಗ ಒಂದು ಸ್ಮಾರಕ ಕಂಬವಿದೆ. ಅದರ ಪಕ್ಕ ನಿಂತು ಪದಕ ತೆಗೆದು ಚಿತ್ರವನ್ನೂ ಎದುರಿನ ನೋಟವನ್ನೂ ಹೋಲಿಸಿದೆ. ಒಂದೂ ಹೊಂದಲಿಲ್ಲ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. ಆಮೇಲೆ ನನಗೇ ನಗು ಬಂತು. ನಾನು ನಿಂತದ್ದು ಕೋಟೆಯ ಒಳಗೆ. ಚಿತ್ರ ಬರೆದಿರುವುದು ಹೊರಗಿನಿಂದ. ಪದಕದಲ್ಲಿ ಸೈನಿಕರ ಬೆನ್ನು ನಮಗೆ ಕಾಣುತ್ತದೆ. ನಾನು ನಿಂತಲ್ಲಿಂದ ಆವತ್ತು ಕಾಣುತ್ತಿದ್ದದ್ದು ಅವರ ಮುಖ.

ಸುತ್ತು ಹಾಕಿ ಆಚೆ ದಂಡೆಗೆ ಹೋದೆ. ಅಲ್ಲಿ ಸ್ವಲ್ಪ ಹೊಂದಿತು. ನೀರು ಕಮ್ಮಿ, ಬಂಡೆ ಜಾಸ್ತಿ, ಎದುರಿಗೆ ಗೋಡೆ. ಸೂರ್ಯ ಮಾತ್ರ ಹೊಂದಲಿಲ್ಲ. ಪದಕದಲ್ಲಿ ಅದು ಕೋಟೆಯ ಮೇಲೆ ಚಿತ್ರದೊಳಗೇ ಇದೆ. ಇಲ್ಲಿ ನೆತ್ತಿ ಸುಡುತ್ತಿದೆ. ಅದನ್ನು ನೋಡಬೇಕೆಂದರೆ ಕುತ್ತಿಗೆ ಹಿಂದಕ್ಕೆ ಹಾಕಬೇಕು, ಆಗ ಕೋಟೆ ಕಾಣುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡಲು ಸಾಧ್ಯವೇ ಇಲ್ಲ. ಕುಶ್ಲರ್ ಕೂತು ಕೊರೆದದ್ದು ಇಂಗ್ಲೆಂಡಿನಲ್ಲಿ. ನಮ್ಮ ಮೇ ತಿಂಗಳ ಬಿಸಿಲು ಅವನ ಅಚ್ಚಿನಲ್ಲಿ ಹಿಡಿಸಿಲ್ಲ.

ಹರಿಗೋಲಿನವನೊಬ್ಬ ನೆರಳಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ‘ಏನ್ ಸಾ ಅದು?’ ಅಂದ. ಕೊಟ್ಟೆ. ತಿರುಗಿಸಿ ನೋಡಿದ. ಬೆರಳಿನಿಂದ ಸಿಂಹದ ತೊಡೆ ಒರೆಸಿದ, ನಾನು ಹಲ್ಲು ಕಚ್ಚಿದೆ.

‘ಹುಲಿ ಯಾಕ್ ಸಾ ಕೆಳಗದೆ?’

ಗೆದ್ದವರು ಮಾಡಿಸಿದ್ದು ಅಂತ ಹೇಳಿದೆ.

‘ಇದನ್ನ ನಮ್ಮೋರಿಗೂ ಕೊಟ್ರಾ?’

ಸಿಪಾಯಿಗಳಿಗೆ ಕೊಟ್ಟರು, ಬೆಳ್ಳಿ ಅಲ್ಲ, ತವರ ಅಂದೆ. ಅವನು ಇನ್ನೊಂದು ಸಲ ತೂಗಿ ನೋಡಿ ವಾಪಸ್ ಕೊಟ್ಟ. ‘ಕಲಾಯಿ’ ಅಂದ.

ಮನೆಗೆ ಬಂದು ಪಟ್ಟಿ ಪುಸ್ತಕ ತೆಗೆದೆ. ಕೊಂಡ ದಿನವೇ ಲೋಹ ಅನ್ನುವ ಕಡೆ ಪೆನ್ನಿನಲ್ಲಿ ‘ಬೆಳ್ಳಿ’ ಅಂತ ಬರೆದಿದ್ದೆ. ಅದನ್ನು ಹೊಡೆದುಹಾಕಿ ‘ತವರ, ಮೇಲೆ ಬೆಳ್ಳಿ ಲೇಪ, ತೂತು ಸವೆದಿದೆ, ಎಡ ತೊಡೆಯ ಮೇಲಿನ ಗಾಯ ನನ್ನದು’ ಅಂತ ಬರೆದೆ. ಟಿಪ್ಪುವಿನ ಆನೆ ಚಿತ್ರದ ತಾಮ್ರದ ಕಾಸು ಇರುವ ಡಬ್ಬಿಯಲ್ಲೇ, ಅದರ ಪಕ್ಕದ ಕುಳಿಯಲ್ಲಿ ಇಟ್ಟಿದ್ದೇನೆ. ಲೇಪ ತೆಗೆಸು ಅಂತ ಇಬ್ಬರು ಹೇಳಿದರು. ತೆಗೆಸುವುದಿಲ್ಲ. ಬೆಳ್ಳಿಯ ಕುಳಿ ಇನ್ನೂ ಖಾಲಿ ಇದೆ. ಹರಾಜಿನ ಪಟ್ಟಿ ಬಂದಾಗೆಲ್ಲ ನೋಡುತ್ತೇನೆ, ತಕ್ಕಡಿ ಮೇಜಿನ ಮೇಲೇ ಇದೆ.